ನಾವು ಬರೆದ ಒಂದೇ ಒಂದು ಹೊಗಳಿಕೆ ಪತ್ರ

ಬೆಂಗಳೂರಿಗೆ ಬರಬೇಕಾಗಿದ್ದ ಒಂದು ದೊಡ್ಡ ಕಂಪನಿಯ ಹೆಡ್ಡಾಫೀಸು ಬಾರದೆ ಹೋದದ್ದಕ್ಕೆ ನಾನೇ ಕಾರಣ ಎಂದು ಹೊಸ ತಿಪ್ಪಸಂದ್ರದ ನಮ್ಮ ಐದು ಕ್ರಾಸುಗಳಲ್ಲಿ ಇಂದಿಗೂ ನಂಬುವವರಿದ್ದಾರೆ. ಬೆಳಿಗ್ಗೆ ಹಾಲು ತರಲು ಹೋದಾಗ ಅಂಥವರಲ್ಲಿ ಇಬ್ಬರಾದರೂ ಎದುರಾಗುತ್ತಾರೆ. ಅಲ್ಲಗಳೆಯುವ ಗೋಜಿಗೆ ನಾನು ಹೋಗಿಲ್ಲ. ಮೂವತ್ತನಾಲ್ಕು ವರ್ಷ ವಿಮಾನದ ಕಾರ್ಖಾನೆಯ ಪತ್ರವ್ಯವಹಾರ ವಿಭಾಗದಲ್ಲಿ ಕೂತು ಒಂದು ಕುರ್ಚಿಯನ್ನೂ ಒಂದು ಕೋಣೆಯಿಂದ ಇನ್ನೊಂದಕ್ಕೆ ಸರಿಸಲಾಗದ ಮನುಷ್ಯ, ನಿವೃತ್ತಿಯಾದ ಮೇಲೆ ಒಂದು ಹೆಡ್ಡಾಫೀಸನ್ನೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ಓಡಿಸಿದ ಎನ್ನುವ ಮಾತು ಕಿವಿಗೆ ಕೆಟ್ಟದ್ದೇನೂ ಅಲ್ಲ.

ಆ ಬೇಸಿಗೆಯಲ್ಲಿ ಪತ್ರಿಕೆಗಳಿಗೆ ಬೇರೆ ಸುದ್ದಿಯೇ ಇರಲಿಲ್ಲ. ಕಂಪನಿ ತನ್ನ ಹೊಸ ಹೆಡ್ಡಾಫೀಸಿಗೆ ಊರು ಹುಡುಕುತ್ತಿದ್ದೇನೆ, ಆಸಕ್ತಿಯಿರುವ ನಗರಗಳು ಮುಂದೆ ಬರಬಹುದು ಎಂದು ಪ್ರಕಟಿಸಿತ್ತು. ಅದು ಏನನ್ನು ತಯಾರಿಸುತ್ತದೆ ಎನ್ನುವುದು ನಮ್ಮ ಬಡಾವಣೆಯಲ್ಲಿ ಕೊನೆಯವರೆಗೂ ಯಾರಿಗೂ ಗೊತ್ತಾಗಲಿಲ್ಲ. ಆದರೆ ಸ್ವಯಂವರಕ್ಕೆ ಬಂದ ರಾಜರು ಕನ್ಯೆಯ ಬಗ್ಗೆ ವಿಚಾರಿಸಿಕೊಂಡು ಬಂದಿರುತ್ತಿದ್ದರೆಂದು ಎಲ್ಲೂ ಓದಿದ ನೆನಪಿಲ್ಲ. ಹೈದರಾಬಾದು ಬಂದು ಸಾಲಿನಲ್ಲಿ ಕೂತಿತು. ಚೆನ್ನೈ ತನಗೆ ಬಂದರು ಇದೆ ಎಂದಿತು. ಪುಣೆ ತನ್ನ ಹವೆ ಚೆನ್ನಾಗಿದೆ ಎಂದು ಹೇಳಿಕೊಂಡಿತು, ಇದನ್ನು ಓದಿ ನಮ್ಮ ಸಂಘದ ಅಧ್ಯಕ್ಷರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹವೆಯ ಮಾತನ್ನು ಎತ್ತುವ ಹಕ್ಕು ಬೆಂಗಳೂರಿಗೆ ಮಾತ್ರ ಇದೆ ಎಂದು ನಂಬಿ ಬೆಳೆದವರು ಅವರು.

ಬೆಂಗಳೂರಿನ ಕಡೆಯಿಂದ ಮೂರು ಜಾಗಗಳನ್ನು ತೋರಿಸುತ್ತಾರೆಂದು ಗೊತ್ತಾಯಿತು. ಒಂದು ಕೆ.ಆರ್. ಪುರದ ಆಚೆ. ಇನ್ನೊಂದು ಗರುಡಾಚಾರ್‌ಪಾಳ್ಯದಲ್ಲಿ. ಮೂರನೆಯದು, ನಮ್ಮ ಬಡಾವಣೆಯ ಬೆನ್ನಿಗೇ ಅಂಟಿಕೊಂಡಿದ್ದ, ಎಂದೋ ಮುಚ್ಚಿಹೋದ ನಟ್ಟು ಬೋಲ್ಟಿನ ಕಾರ್ಖಾನೆಯ ಜಾಗ. ಅಲ್ಲಿಯತನಕ ಆ ಜಾಗದ ಬಗ್ಗೆ ನಮಗಿದ್ದ ಅಭಿಪ್ರಾಯವೆಂದರೆ ಅಲ್ಲಿಂದ ಹಾವು ಬರುತ್ತದೆ ಎನ್ನುವುದೊಂದೇ.

ಇಲ್ಲಿ ನಮ್ಮ ಸಂಘದ ವಿಚಾರ ಸ್ವಲ್ಪ ಹೇಳಬೇಕು. ಅಧ್ಯಕ್ಷರು ಹೈಸ್ಕೂಲಿನ ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಜಂಟಿ ಕಾರ್ಯದರ್ಶಿಗಳು ಶಿವಾಜಿನಗರದಲ್ಲಿ ಸೂಟ್‌ಕೇಸು, ಬ್ಯಾಗುಗಳ ಅಂಗಡಿ ಇಟ್ಟವರು. ಅವರನ್ನು ಎಲ್ಲರೂ ಭಾಯ್ ಎನ್ನುತ್ತೇವೆ. ಕಾರ್ಯದರ್ಶಿ ನಾನು. ಸಂಘ ಹುಟ್ಟಿದಂದಿನಿಂದ ನಾವು ಬರೆದದ್ದೆಲ್ಲ ದೂರಿನ ಪತ್ರಗಳೇ. ಬೀದಿದೀಪ, ಕಸ, ನಾಯಿ, ನೀರು, ಮರದ ಕೊಂಬೆ, ಮತ್ತೆ ಬೀದಿದೀಪ. ಒಳ್ಳೆಯದಾದಾಗ ಪತ್ರ ಬರೆಯುವ ಪದ್ಧತಿ ನಮ್ಮಲ್ಲಿರಲಿಲ್ಲ, ಅದಕ್ಕೆ ಅವಕಾಶವೂ ಅಷ್ಟಾಗಿ ಒದಗಿರಲಿಲ್ಲ. ಇನ್ನು ನಾನು ವಿಮಾನದ ಕಾರ್ಖಾನೆಯಿಂದ ತಂದ ಪದ್ಧತಿಯೊಂದಿತ್ತು: ಯಾವ ಪತ್ರವೇ ಆಗಲಿ, ಕೆಳಗೆ ಎಡಗಡೆ ‘ಪ್ರತಿಗಳು’ ಎಂದು ಬರೆದು ನಾಲ್ಕಾರು ಕಚೇರಿಗಳಿಗೆ ಕಳಿಸುವುದು. ಪ್ರತಿಯಿಲ್ಲದ ಪತ್ರ ನನ್ನ ಕಣ್ಣಿಗೆ ಶರ್ಟು ಹಾಕದೆ ಬೀದಿಗೆ ಬಂದ ಮನುಷ್ಯನ ಹಾಗೆ ಕಾಣುತ್ತದೆ.

ಈ ಪತ್ರಗಳ ಪೈಕಿ ಅತಿ ದಪ್ಪನೆಯ ಕಡತ ಸಿಸ್ಟರಮ್ಮನದು. ಸಿಸ್ಟರಮ್ಮ ಹಲಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದವರು, ಒಬ್ಬಂಟಿ, ನಮ್ಮ ಕೊನೆಯ ಕ್ರಾಸಿನ ಕೊನೆಯ ಮನೆ. ಅವರು ಮನೆ ಕಟ್ಟಿದಾಗ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗಬೇಕಿತ್ತಂತೆ. ವರ್ಷವರ್ಷವೂ ಟಾರಿನ ಮೇಲೆ ಟಾರು ಹಾಕಿ ಹಾಕಿ ರಸ್ತೆ ಬೆಳೆಯಿತು, ಮನೆ ಇದ್ದಷ್ಟೇ ಉಳಿಯಿತು. ಈಗ ಎರಡು ಮೆಟ್ಟಿಲು ಇಳಿದು ಹೋಗಬೇಕು. ಐದು ಕ್ರಾಸಿನ ಮಳೆನೀರೂ ಹಾಗೆಯೇ ಇಳಿದು ಹೋಗುತ್ತಿತ್ತು. ಮೋರಿ ಹಾಕಿಸಿ ಎಂದು ಹನ್ನೊಂದು ವರ್ಷ ಬರೆದಿದ್ದೆವು. ಹಿಂದಿನ ಮಳೆಗಾಲದಲ್ಲಿ ಅವರ ಫ್ರಿಜ್ಜು ತೇಲಿತು. ಆಮೇಲೆ ಅವರು ಒಂದೇ ಮಾತು ಹೇಳಿದ್ದರು: “ಇನ್ನೊಂದು ಸಲ ನೀರು ಒಳಗೆ ಬಂತು ಅಂದ್ರೆ ನಾನು ಮನೆ ಮಾರಿ ಕೆ.ಜಿ.ಎಫ್‌ಗೆ ತಂಗಿ ಮನೆಗೆ ಹೋಗ್ಬಿಡ್ತೀನಿ ಸಾರ್. ಮುಗೀತು.” ಅವರು ಇಂಜೆಕ್ಷನ್ ಕೊಡುವಾಗಲೂ ಇಷ್ಟೇ ಮಾತಾಡುತ್ತಿದ್ದವರು. ನಮ್ಮ ಬಡಾವಣೆಯಲ್ಲಿ ಅವರ ಕೈಯಲ್ಲಿ ಚುಚ್ಚಿಸಿಕೊಳ್ಳದ ಸೊಂಟ ಇಲ್ಲ.

ಆ ಏಪ್ರಿಲ್‌ನಲ್ಲಿ, ನಂಬುವುದು ಕಷ್ಟ, ಮೋರಿ ಮಂಜೂರಾಯಿತು. ಒಂದು ಬೆಳಿಗ್ಗೆ ಲಾರಿ ಬಂದು ಒಂಬತ್ತು ಸಿಮೆಂಟಿನ ಪೈಪುಗಳನ್ನು ಕ್ರಾಸಿನ ಬಾಯಲ್ಲಿ ಇಳಿಸಿ ಹೋಯಿತು. ಮಳೆಗೆ ಮುಂಚೆ ಮುಗಿಸುತ್ತೇವೆ ಎಂದು ವಾರ್ಡಿನ ಇಂಜಿನಿಯರು ಹೇಳಿದರು. ಸಿಸ್ಟರಮ್ಮ ಹಾಲು ತರಲು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಆ ಪೈಪುಗಳನ್ನು ಎಣಿಸುತ್ತಿದ್ದರು.

ಇಂಥ ಶುಭಕಾಲದಲ್ಲೇ ಕಂಪನಿಯ ಕಡೆಯಿಂದ ಒಬ್ಬ ಹುಡುಗಿ ನಮ್ಮನ್ನು ನೋಡಲು ಬಂದದ್ದು. ಬಹಳ ಮರ್ಯಾದೆಯವಳು, ಅಧ್ಯಕ್ಷರ ಮನೆಯಲ್ಲಿ ಕೊಟ್ಟ ಎರಡನೆಯ ಲೋಟ ಕಾಫಿಯನ್ನೂ ಕುಡಿದಳು. ಮೂರು ಜಾಗಗಳ ಸುತ್ತಲಿನ ನಿವಾಸಿಗಳ ಸಂಘಗಳಿಂದ ಒಂದೊಂದು ಪತ್ರ ಬೇಕು, ಸ್ಥಳದ ಅನುಕೂಲಗಳೇನು, ಮಳೆಗಾಲದಲ್ಲಿ ರಸ್ತೆಯಲ್ಲಿ ನೀರು ನಿಲ್ಲುತ್ತದೆಯೇ ಇತ್ಯಾದಿ ತಿಳಿಸಬೇಕು ಎಂದಳು. “ಗರುಡಾಚಾರ್‌ಪಾಳ್ಯದವರು ಆಗ್ಲೇ ಕೊಟ್ರಾ?” ಎಂದು ಅಧ್ಯಕ್ಷರು ಕೇಳಿದರು. ಇನ್ನೂ ಇಲ್ಲ ಎಂದಳು. ಅಧ್ಯಕ್ಷರ ಮುಖದಲ್ಲಿ ಪರೀಕ್ಷೆಯ ದಿನದ ಕಳೆ ಬಂತು.

ಅಂದು ಸಂಜೆಯೇ ಅವರ ಕಾರ್ ಶೆಡ್ಡಿನಲ್ಲಿ ಸಭೆ.

“ಒಬ್ಬೊಬ್ರು ಒಂದೊಂದು ಒಳ್ಳೆ ಅಂಶ ಹೇಳಿ. ಸೆಕ್ರೆಟ್ರಿ ಬರ್ಕೋತಾರೆ,” ಎಂದರು ಅಧ್ಯಕ್ಷರು.

ಎಲ್ಲರೂ ತಲೆಯೆತ್ತಿ ಫ್ಯಾನು ನೋಡಿದರು.

“ನೀರು,” ಎಂದರು ಭಾಯ್.

“ನೀರು ಏನು?”

“ಬರ್ತದೆ.”

“ಯಾವಾಗ ಬರುತ್ತೆ ಅಂತ ಬರೀಲಿ?” ಎಂದೆ.

“ಅದೆಲ್ಲ ನಕ್ಕೋ ಸಾರ್. ಬರ್ತದೆ ಅಂತ ಬರೀರಿ, ಸಾಕು.”

“ಕಸದ ಗಾಡಿದು ಬರೀರಿ,” ಎಂದರು ಮೊದಲನೇ ಕ್ರಾಸಿನ ಒಬ್ಬರು, “ಮೂರು ದಿನಕ್ಕೊಂದ್ಸಲ ಬರ್ತಾನೆ, ಅದೂ ಹಾರನ್ ಹೊಡೀದೆ ಹೊರಟ್ಹೋಗ್ತಾನೆ, ನಾವು ಬಕೆಟ್ ಹಿಡ್ಕೊಂಡು ಹಿಂದೆ ಓಡ್ಬೇಕು…”

“ರೀ, ಒಳ್ಳೆ ಅಂಶ ಹೇಳಿ ಅಂದಿದ್ದು.”

“ಗಾಡಿ ಸದ್ದು ಮಾಡಲ್ಲ ಅಂತ ಹಾಕ್ಕೊಳ್ಳಿ,” ಎಂದರು ಭಾಯ್. “ಶಾಂತಿಯುತ ವಾತಾವರಣ.”

“ನಾಯಿಗಳ ವಿಚಾರ ಏನ್ಮಾಡೋದು?” ಎಂದೆ.

“ರಾತ್ರಿ ಕಾವಲು ಇದೆ ಅನ್ನಿ,” ಎಂದರು ಭಾಯ್. “ಸಂಬಳ ಕೇಳಲ್ಲ ಅಂತ ಬೇಕಾದ್ರೆ ಸೇರ್ಸಿ.”

ಸಿಸ್ಟರಮ್ಮ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದವರು ಆಗ ಕೇಳಿದರು: “ಕಂಪನಿ ಬಂದ್ರೆ ನನ್ನ ಮೋರಿ ಏನಾಗುತ್ತೆ?”

“ಕಂಪನಿ ಬಂತು ಅಂದ್ರೆ ಮೋರಿ ಅದರ ಹಿಂದೇನೇ ಓಡ್ಬರುತ್ತೆ ಸಿಸ್ಟರಮ್ಮ,” ಎಂದರು ಅಧ್ಯಕ್ಷರು.

“ಓಡ್ಬರೋದು ನೀರು ಸಾರ್. ಮೋರಿ ಹನ್ನೊಂದು ವರ್ಷದಿಂದ ನಡ್ಕೊಂಡೇ ಬರ್ತಾ ಇದೆ.”

ಆದರೂ ಪೈಪುಗಳು ಕಣ್ಣೆದುರಿಗೇ ಬಿದ್ದಿದ್ದುವಲ್ಲ, ಅವರೂ ನಕ್ಕು ಸಹಿ ಹಾಕಲು ಒಪ್ಪಿದರು.

ಹೊಗಳಿ ಬರೆಯುವುದು ಎಷ್ಟು ಕಷ್ಟ ಎಂದು ಅಂದು ನನಗೆ ತಿಳಿಯಿತು. ‘ಮಾನ್ಯರೇ’ ಎಂದು ಬರೆದ ಕೂಡಲೇ ಕೈ ತಾನಾಗಿ ‘ಈಗಾಗಲೇ ಹಲವು ಬಾರಿ ತಮ್ಮ ಗಮನಕ್ಕೆ ತಂದಿದ್ದರೂ’ ಎಂದು ಮುಂದುವರಿಯಿತು. ಹರಿದು ಹಾಕಿದೆ. ಎರಡನೆಯ ಹಾಳೆಯಲ್ಲಿ ‘ತೀವ್ರ ವಿಷಾದದಿಂದ’ ಎಂಬಲ್ಲಿಗೆ ಬಂದು ನಿಂತೆ. ಕೊನೆಗೆ ನಾನು ಹಿಡಿದ ಉಪಾಯವೆಂದರೆ, ಹಳೆಯ ದೂರುಗಳನ್ನೇ ಎದುರಿಗಿಟ್ಟುಕೊಂಡು ಒಂದೊಂದನ್ನೂ ಅಂಗಿಯ ಒಳಮಗ್ಗುಲನ್ನು ಹೊರಗೆ ಮಾಡುವಂತೆ ತಿರುಗಿಸುವುದು. ಮಳೆನೀರಿನ ಪ್ರಶ್ನೆ ಬಂದಾಗ ಬಹಳ ಹೊತ್ತು ಯೋಚಿಸಿ ‘ನಮ್ಮ ರಸ್ತೆಗಳಲ್ಲಿ ಮಳೆನೀರು ನಿಲ್ಲುವುದಿಲ್ಲ’ ಎಂದು ಬರೆದೆ. ಇದರಲ್ಲಿ ಸುಳ್ಳೇನೂ ಇರಲಿಲ್ಲ. ರಸ್ತೆಯಲ್ಲಿ ಅದು ನಿಲ್ಲುತ್ತಿರಲಿಲ್ಲ. ನಿಲ್ಲುತ್ತಿದ್ದದ್ದು ಸಿಸ್ಟರಮ್ಮನ ನಡುಮನೆಯಲ್ಲಿ. ಕೊನೆಯಲ್ಲಿ ಪುಟ ತುಂಬಲಿಲ್ಲವೆಂದು ‘ವಾರ್ಡ್ ಕಚೇರಿಯವರ ಅವಿರತ ಸೇವೆಯಿಂದ ನಮ್ಮ ಸಕಲ ಕುಂದುಕೊರತೆಗಳೂ ನಿವಾರಣೆಯಾಗಿವೆ ಎಂದು ತಿಳಿಸಲು ಹರ್ಷಿಸುತ್ತೇವೆ’ ಎಂದು ಸೇರಿಸಿದೆ. ವಾಕ್ಯ ಚೆನ್ನಾಗಿ ಕೂತಿತ್ತು. ಅಧ್ಯಕ್ಷರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಮೂವತ್ತೊಂದು ಮನೆಯವರು ಸಹಿ ಹಾಕಿದರು.

ಆಮೇಲೆ ನಾನು, ಉಸಿರಾಡುವಷ್ಟು ಸಹಜವಾಗಿ, ಕೆಳಗೆ ಎಡಗಡೆ ‘ಪ್ರತಿಗಳು’ ಎಂದು ಬರೆದು ಐದು ಕಚೇರಿಗಳ ಹೆಸರು ಹಾಕಿದೆ. ಮೊದಲನೆಯದೇ ವಾರ್ಡ್ ಕಚೇರಿ. ಅದನ್ನು ಅಂಚೆಗೆ ಹಾಕದೆ ಖುದ್ದಾಗಿ ಹೋಗಿ ಕೊಟ್ಟು, ತಲುಪಿದ್ದಕ್ಕೆ ಮೊಹರು ಹಾಕಿಸಿಕೊಂಡು, ಬರುವ ದಾರಿಯಲ್ಲಿ ಒಂದು ಮಸಾಲೆ ದೋಸೆ ತಿಂದು ಬಂದೆ.

ಹತ್ತು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ, ಭಾಯ್ ಅಂಗಡಿಯಿಂದ ಊಟಕ್ಕೆ ಬಂದವರು ಸ್ಕೂಟರಿನಿಂದ ಇಳಿಯದೆಯೇ ನಮ್ಮ ಗೇಟಿನಲ್ಲಿ ಹಾರನ್ ಹೊಡೆದರು.

“ಸಾರ್, ಪೈಪ್ ಹೋಗ್ತಾ ಅದೆ.”

“ಎಲ್ಲಿಗೆ?”

“ಲಾರೀಲಿ. ಡ್ರೈವರ್‌ಗೆ ಕೇಳ್ದೆ. ಗರುಡಾಚಾರ್‌ಪಾಳ್ಯಕ್ಕಂತೆ.”

ಬೇರೆ ಯಾವ ಊರಿನ ಹೆಸರು ಹೇಳಿದ್ದರೂ ತಡೆದುಕೊಳ್ಳುತ್ತಿದ್ದೆ. ಅವರ ಸ್ಕೂಟರಿನ ಹಿಂದೆ ಕೂತು ನೇರ ವಾರ್ಡ್ ಕಚೇರಿಗೆ ಹೋದೆ.

ಇಂಜಿನಿಯರು ನನ್ನನ್ನು ಕಂಡು ಎದ್ದು ನಿಂತರು. ಹನ್ನೊಂದು ವರ್ಷದಲ್ಲಿ ಆ ಕಚೇರಿಯಲ್ಲಿ ನನ್ನನ್ನು ಕಂಡು ಎದ್ದು ನಿಂತವರಿಲ್ಲ. ಎದ್ದು ಹೊರಗೆ ಹೋದವರಿದ್ದಾರೆ. ಅವರ ಮೇಜಿನ ಗಾಜಿನ ಕೆಳಗೆ, ದೇವರ ಪಟದ ಪಕ್ಕದಲ್ಲಿ, ನಮ್ಮ ಪತ್ರ ಇತ್ತು.

“ಹದಿನೆಂಟು ವರ್ಷ ಸರ್ವಿಸು ಸಾರ್,” ಎಂದರು. “ಒಬ್ಬರಾದ್ರೂ ಒಂದು ಒಳ್ಳೆ ಮಾತು ಬರ್ದಿದ್ರೆ ಕೇಳಿ. ಇದನ್ನ ಮೇಲಿನವರಿಗೆ ತೋರಿಸ್ದೆ. ಮನೇಲೂ ತೋರಿಸ್ದೆ. ನಮ್ಮನೆಯವ್ರು ಫೋಟೋ ತೆಗ್ದು ಅವರಣ್ಣಂಗೆ ಕಳಿಸಿದ್ರು.”

“ಸಂತೋಷ. ಪೈಪು…”

“ಅದೇ ಹೇಳ್ಬೇಕು ಅಂತಿದ್ದೆ. ‘ಸಕಲ ಕುಂದುಕೊರತೆಗಳೂ ನಿವಾರಣೆಯಾಗಿವೆ.’ ನೋಡಿ, ಮೂವತ್ತೊಂದು ಸೈನು. ಮೇಲಿನವರು ನೋಡಿ, ನಿಮ್ಮ ಪೆಂಡಿಂಗ್ ಎಲ್ಲ ಕ್ಲೋಸ್ ಮಾಡಿ, ಪೈಪು ಎಲ್ಲಿ ತೊಂದ್ರೆ ಇದ್ಯೋ ಅಲ್ಲಿಗೆ ಕಳ್ಸಿ ಅಂದ್ರು. ಗರುಡಾಚಾರ್‌ಪಾಳ್ಯದವರು ಪಾಪ, ಬರೀ ಕಂಪ್ಲೇಂಟೇ ಬರೀತಾರೆ.”

ಭಾಯ್ ಗೋಡೆಯ ಕಡೆ ತಿರುಗಿಕೊಂಡರು. ಅವರು ನಗುತ್ತಿದ್ದರೋ ಅಳುತ್ತಿದ್ದರೋ, ನಾನು ಈವರೆಗೂ ಕೇಳಿಲ್ಲ.

ಹಿಂದಿನ ಪತ್ರವನ್ನು ವಾಪಸು ಪಡೆದಿದ್ದೇವೆ ಎಂದು ಲಿಖಿತವಾಗಿ ಕೊಟ್ಟರೆ ಮತ್ತೆ ಪ್ರಯತ್ನಿಸಬಹುದು ಎಂದರು ಇಂಜಿನಿಯರು, ಮದುವೆ ಮುರಿಯುವವರ ಧ್ವನಿಯಲ್ಲಿ. ಮಳೆಗೆ ಇನ್ನು ಮೂರು ವಾರ ಇತ್ತು.

ಪತ್ರ ವಾಪಸು ಪಡೆಯುವುದರಲ್ಲಿ ಒಂದು ತೊಡಕಿತ್ತು. ಕಾರ್ಖಾನೆಯಲ್ಲಿ ನಾನು ಮೊದಲ ದಿನ ಕಲಿತ ನಿಯಮ ಇದು: ಮೂಲಪತ್ರ ಯಾರ್ಯಾರಿಗೆ ಹೋಗಿದೆಯೋ ತಿದ್ದುಪಡಿಯೂ ಅವರೆಲ್ಲರಿಗೂ ಹೋಗಬೇಕು. ಅಂದರೆ ಕಂಪನಿಗೂ.

“ಕಂಪನಿಗೆ ಯಾಕ್ರೀ?” ಎಂದರು ಅಧ್ಯಕ್ಷರು. “ವಾರ್ಡಿಗೊಂದು ಹೇಳಿ, ಕಂಪನಿಗೊಂದು ಹೇಳಿ. ಏನೀಗ?”

“ಒಂದೇ ಪತ್ರಕ್ಕೆ ಎರಡು ಸತ್ಯ ಇರೋಕಾಗಲ್ಲ ಸಾರ್.”

“ನಿಮಗೆ ಬೆಂಗಳೂರಿನ ಭವಿಷ್ಯ ಮುಖ್ಯಾನೋ, ಕ್ಲಾರ್ಕ್ ಬುದ್ಧಿ ಮುಖ್ಯಾನೋ?”

ಎರಡನೆಯದೇ ಎಂದು ಬಾಯಿಬಿಟ್ಟು ಹೇಳಲು ನನಗೆ ಧೈರ್ಯ ಸಾಲಲಿಲ್ಲ.

“ಹುಡ್ಗಿ ಜಾಗ ನೋಡೋಕೆ ಬಂದ ದಿನ ಮಳೆ ಬಂತು ಅಂದ್ಕೊಳ್ಳಿ,” ಎಂದರು ಭಾಯ್ ಅಧ್ಯಕ್ಷರಿಗೆ. “ಸಿಸ್ಟರಮ್ಮನ ಫ್ರಿಜ್ಜು ಬಾಗ್ಲಿಂದ ಈಚೆ ಬರ್ತದೆ. ಅದಕ್ಕೆ ಏನಂತೀರಿ? ಈಜುಕೊಳ ಅಂತೀರಾ?”

ಅಧ್ಯಕ್ಷರು ಎದ್ದು ಒಳಗೆ ಹೋದರು. ಅವರ ಮನೆಯಲ್ಲಿ ನನಗೆ ಕಾಫಿ ಸಿಗದೆ ಹೋದದ್ದು ಅದೇ ಮೊದಲು.

ಸಿಸ್ಟರಮ್ಮನಿಗೆ ಹೇಳುವ ಕೆಲಸ ಉಳಿದಿತ್ತು. ಎರಡು ಮೆಟ್ಟಿಲು ಇಳಿದು ಹೋದೆ. ಅವರು ಬಟಾಣಿ ಬಿಡಿಸುತ್ತಿದ್ದರು.

“ಪೈಪು ತಗೊಂಡ್ಹೋದ್ರು ಸಾರ್. ಇನ್ನೂ ದೊಡ್ಡದು ತರ್ತಾರೆ ಅನ್ಸುತ್ತೆ.”

ನಾನು ಎಲ್ಲವನ್ನೂ ಹೇಳಿದೆ. ನನ್ನ ವಾಕ್ಯ, ನನ್ನ ಪ್ರತಿ, ನನ್ನ ಮೊಹರು, ದೋಸೆಯೊಂದನ್ನು ಬಿಟ್ಟು. ಅವರು ಕೇಳುತ್ತಾ ಎರಡು ಕಾಯಿ ಬಿಡಿಸಿ ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸಕ್ಕೂ ಹಾಕಿದರು. ಆಸ್ಪತ್ರೆಯ ಕೈ ಅದು, ಯಾವತ್ತೂ ತಪ್ಪಿದ್ದಲ್ಲ.

“ನಾನೂ ಸೈನ್ ಹಾಕಿದ್ನಲ್ಲ,” ಎಂದರು ಕೊನೆಗೆ. “ಓದ್ಲಿಲ್ಲ. ನೀವು ಬರ್ದಿದ್ದು ಅಂತ ಓದ್ಲಿಲ್ಲ.”

ಬೈದಿದ್ದರೆ ವಾಸಿಯಿತ್ತು.

ಮನೆಗೆ ಬಂದು ತಿದ್ದುಪಡಿ ಬರೆಯಲು ಕೂತೆ. ಏನು ಹೇಳಲಿ, ಪೆನ್ನು ನಿಲ್ಲಲೇ ಇಲ್ಲ. ‘ಈಗಾಗಲೇ ಹಲವು ಬಾರಿ ತಮ್ಮ ಗಮನಕ್ಕೆ ತಂದಿದ್ದರೂ’ ಎಂದು ಶುರುವಾಗಿ ಮೂರು ಪುಟ ಹರಿಯಿತು: ನೀರು ಬಾರದ ದಿನಗಳು, ಹಾರನ್ ಹೊಡೆಯದ ಗಾಡಿ, ನಾಯಿಗಳ ಅಂದಾಜು ಸಂಖ್ಯೆ, ಕಾರ್ಖಾನೆಯ ಜಾಗದ ಹಾವು, ಮತ್ತು ಒಂದು ಪೂರ್ತಿ ಪುಟ ಸಿಸ್ಟರಮ್ಮನ ನಡುಮನೆ. ‘ತೀವ್ರ ವಿಷಾದದಿಂದ’ ಎರಡು ಕಡೆ ಬಳಸಿದೆ. ಭಾಯ್ ಮನೆಮನೆಗೆ ಹೋಗಿ ಮೂವತ್ತು ಸಹಿ ತಂದರು. ಅಧ್ಯಕ್ಷರ ಜಾಗ ಖಾಲಿ ಬಿಟ್ಟೆವು. ಸಿಸ್ಟರಮ್ಮ ಈ ಸಲ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ, ಫ್ರಿಜ್ಜು ತೇಲಿದ್ದು ಮಂಗಳವಾರವಲ್ಲ ಬುಧವಾರ ಎಂದು ತಿದ್ದಿಸಿ, ಸಹಿ ಹಾಕಿದರು.

ಕಂಪನಿಯ ಹುಡುಗಿಯಿಂದ ಎರಡು ಸಾಲಿನ ಉತ್ತರ ಬಂತು. ‘ನಿಮ್ಮ ಎರಡೂ ಪತ್ರಗಳು ತಲುಪಿವೆ. ಎರಡನೆಯದು ಹೆಚ್ಚು ವಿವರವಾಗಿದೆ.’ ಇನ್ನೆರಡು ವಾರಕ್ಕೆ, ಎಲ್ಲ ಅಂಶಗಳನ್ನೂ ಪರಿಗಣಿಸಿ ಬೇರೊಂದು ಊರನ್ನು ಆರಿಸಿದ್ದೇವೆ ಎಂದು ಕಂಪನಿ ಪ್ರಕಟಿಸಿತು. ಎಲ್ಲ ಅಂಶಗಳಲ್ಲಿ ನಮ್ಮ ನಾಯಿಗಳೂ ಸೇರಿದ್ದವೇ ಎಂದು ಪತ್ರಿಕೆಯವರು ಬರೆಯಲಿಲ್ಲ. ಗರುಡಾಚಾರ್‌ಪಾಳ್ಯವೂ ಕೆ.ಆರ್. ಪುರವೂ ನಮ್ಮೊಂದಿಗೇ ಸೋತವು, ಅದೊಂದು ಸಮಾಧಾನ. ಅಧ್ಯಕ್ಷರು ಪತ್ರಿಕೆಯ ಆ ಪುಟವನ್ನು ಮಡಿಸಿ ನಮ್ಮ ಗೇಟಿಗೆ ಸಿಕ್ಕಿಸಿ ಹೋಗಿದ್ದರು.

ಅಷ್ಟರಲ್ಲಿ ಪೈಪುಗಳು ವಾಪಸು ಬಂದಿದ್ದವು. ಇಂಜಿನಿಯರು ಮುಖ ಬಾಡಿಸಿಕೊಂಡೇ, ಆದರೆ ಕೊಟ್ಟ ಮಾತಿನಂತೆ, ತರಿಸಿದ್ದರು. ಗರುಡಾಚಾರ್‌ಪಾಳ್ಯದವರು ಅವಕ್ಕೆ ಆಗಲೇ ಅರಿಶಿನ ಕುಂಕುಮ ಹಚ್ಚಿ ಹಾರ ಹಾಕಿದ್ದರು. ಒಣಗಿದ ಸೇವಂತಿಗೆಯೊಂದಿಗೇ ಒಂಬತ್ತೂ ಇಳಿದವು.

“ಪೂಜೇನೂ ಅವರೇ ಮಾಡ್ಕೊಟ್ಟಿದಾರೆ,” ಎಂದರು ಸಿಸ್ಟರಮ್ಮ. “ಒಂದು ಕೆಲ್ಸ ತಪ್ತು.”

ಅಗೆದರು, ಇಳಿಸಿದರು, ಮುಚ್ಚಬೇಕು ಎನ್ನುವಷ್ಟರಲ್ಲಿ ಮಳೆ ಬಂತು. ಮಧ್ಯಾಹ್ನ ಮೂರು ಗಂಟೆ. ಕೊನೆಯ ಪೈಪಿನ ಜೋಡಣೆಗೆ ಸಿಮೆಂಟು ಹಾಕಿ ಇನ್ನೂ ಒಂದು ದಿನವಾಗಿರಲಿಲ್ಲ. ನಾನು ಛತ್ರಿ ಹಿಡಿದು ಓಡಿದೆ. ಸಿಸ್ಟರಮ್ಮ ಬಾಗಿಲು ತೆರೆದಿಟ್ಟು, ಹೊಸ್ತಿಲ ಎದುರಿಗೆ ಕುರ್ಚಿ ಹಾಕಿಕೊಂಡು, ರೋಗಿಯ ನಾಡಿ ನೋಡುವವರ ಹಾಗೆ ರಸ್ತೆ ನೋಡುತ್ತಿದ್ದರು. ಒಳಗೆ ಸೂಟ್‌ಕೇಸೊಂದು ಕಟ್ಟಿ ಸಿದ್ಧವಾಗಿತ್ತು, ಭಾಯ್ ಅಂಗಡಿಯದೇ. ನಾನು ಇನ್ನೊಂದು ಕುರ್ಚಿ ಎಳೆದುಕೊಂಡೆ.

ನೀರು ಐದು ಕ್ರಾಸಿನಿಂದಲೂ ಬಂತು. ಎಲೆ, ಹಾಲಿನ ಕವರು, ಯಾರದೋ ಒಂದು ಚಪ್ಪಲಿ ಜೊತೆಗೆ. ಮೋರಿಯ ಬಾಯಿಗೆ ಬಂದು ಒಂದು ಸುತ್ತು ತಿರುಗಿತು, ಮೇಲಿನ ಮೆಟ್ಟಿಲ ಅಂಚನ್ನು ಒದ್ದೆ ಮಾಡಿತು, ಕೆಳಗಿನದಕ್ಕೆ ಇಳಿಯಲಿಲ್ಲ. ಗಡಗಡ ಎಂದು ಸದ್ದು ಮಾಡುತ್ತಾ ಪೈಪಿನೊಳಗೆ ಹೋಯಿತು. ಮುಕ್ಕಾಲು ಗಂಟೆ ಮಳೆ ಹೊಡೆಯಿತು. ಸಿಸ್ಟರಮ್ಮ ಎದ್ದು ಹೋಗಿ ಬಾಗಿ ನಡುಮನೆಯ ನೆಲವನ್ನು ಅಂಗೈಯಿಂದ ಮುಟ್ಟಿ ನೋಡಿದರು. ಆಮೇಲೆ ಫೋನು ತೆಗೆದುಕೊಂಡು ತಂಗಿಗೆ ಮಾಡಿದರು.

ತಮಿಳಿನಲ್ಲಿ ಎರಡೇ ಮಾತು ಹೇಳಿದರು. ಆ ಕಡೆಯಿಂದ ಬಂದದ್ದು ಎರಡು ಮಾತಾಗಿರಲಿಲ್ಲ. ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಕೇಳಿ, ಕೊನೆಗೆ ನನ್ನ ಕಡೆ ಚಾಚಿದರು.

“ನೀವೇ ಹೇಳಿ ಸಾರ್. ಅವಳು ಮುಂದಿನ ರೂಮು ಖಾಲಿ ಮಾಡಿ, ನೀಲಿ ಬಣ್ಣ ಹೊಡ್ಸಿ, ಮಂಚ ಹಾಕ್ಸಿದಾಳೆ. ಯಾವನು ಆ ಮೋರಿ ಹಾಕ್ಸಿದ್ದು, ಅವನ ಹತ್ರ ಮಾತಾಡ್ಬೇಕು ಅಂತಾಳೆ.”

ಫೋನು ಕೈಗೆ ತೆಗೆದುಕೊಂಡು, ನಾನು ಸಂಘದ ಕಾರ್ಯದರ್ಶಿ ಎಂದು ಪರಿಚಯ ಹೇಳಿಕೊಂಡೆ. ಅರ್ಧ ಗಂಟೆ ಬೈಸಿಕೊಂಡೆ. ಸಿಸ್ಟರಮ್ಮ ಅಷ್ಟರಲ್ಲಿ ಸೂಟ್‌ಕೇಸು ಬಿಚ್ಚಿ ಸೀರೆಗಳನ್ನು ಬೀರುವಿಗೆ ಜೋಡಿಸುತ್ತಿದ್ದರು, ನಡುನಡುವೆ ನನಗೆ ಕೈಸನ್ನೆ ಮಾಡಿ: ಇರಲಿ, ಅನ್ನಲಿ ಬಿಡಿ, ಅವಳದು ಯಾವಾಗಲೂ ಹೀಗೇ.